ಮುಂಗಡ ಕೈಗೆ ಬರುವ ಮೊದಲು ಮನೆಯ ಅಳತೆ ಆಗಲಿ

ಭಾಲ್ಕಿಯಲ್ಲಿ ಬೇಕರಿ ಇಟ್ಟುಕೊಂಡಿರುವ ನಮ್ಮ ಕರಾವಳಿಯ ಕಾಕ ಒಬ್ಬರು ಒಂದು ದಿನ ಮಗ್ರಿಬ್ ಆದ ಮೇಲೆ ಫೋನ್ ಮಾಡಿದರು. "ಉಸ್ತಾದ್, ಮನೆ ಕೊಡುವುದೂಂತ ಮಾಡಿದ್ದೇನೆ. ಮಗಳ ನಿಕಾಹ್ ಉಂಟಲ್ಲ. ಗಿರಾಕಿ ಸಿಕ್ಕಿದ್ದಾರೆ. ನಾಳೆ ಕರಾರು ಬರೆಯುವುದು, ನೀವೊಂದು ಸಾಕ್ಷಿಗೆ ಬರಬೇಕು" ಎಂದರು. ನಾವು ಬೀದರ್‌ನಿಂದ ಬೆಳಗ್ಗಿನ ಬಸ್ಸಿಗೆ ಹೋದೆವು. ಕರಾರು ಓದಿದರು, ದುಆ ಮಾಡಿದೆವು, ಸಾಕ್ಷಿ ಸಹಿ ಹಾಕಿದೆವು. ಐದು ಲಕ್ಷ ರೂಪಾಯಿ ಮುಂಗಡ ಅವರ ಕೈಗೆ ಬಂತು. ಉಳಿದ ಹಣ ಮೂರು ತಿಂಗಳೊಳಗೆ, ನೋಂದಣಿಯ ದಿನ. ಚಹಾ ಕುಡಿದು ಎದ್ದೆವು.

ಕಾಗದದಲ್ಲಿ ನಿವೇಶನ 30 ಅಡಿ ಅಗಲ, 40 ಅಡಿ ಉದ್ದ, 1,200 ಚದರಡಿ. ಕೊಳ್ಳುವವರು ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದರು. ಬ್ಯಾಂಕಿನ ಕಡೆಯಿಂದ ಒಬ್ಬ ಎಂಜಿನಿಯರ್ ಟೇಪು ಹಿಡಿದುಕೊಂಡು ಬಂದ. ಅಳೆದರೆ ಉದ್ದ 36 ಅಡಿ. 1,200 ಅಲ್ಲ, 1,080 ಚದರಡಿ. ಹಿಂದಿನ ಮನೆಯ ಗೋಡೆ ನಾಲ್ಕು ಅಡಿ ಒಳಗೆ ಬಂದಿದೆ. ಆ ಮನೆಯವರೂ ಕಳ್ಳರಲ್ಲ. ಅವರು ಕೊಳ್ಳುವಾಗಲೇ ಗೋಡೆ ಅಲ್ಲಿತ್ತು. ಕಾಕ ಮನೆ ತೆಗೆದುಕೊಂಡ ದಿನ ಚಕ್ಕುಬಂದಿ ಓದಿಸಿದ್ದರೇ ಹೊರತು ಹಗ್ಗ ಹಿಡಿದಿರಲಿಲ್ಲ.

ಅಷ್ಟರಲ್ಲಿ ಮುಂಗಡದ ಹಣ ಮದುವೆಗೆ ಖರ್ಚಾಗಿ ಆಗಿತ್ತು. ಕೊಳ್ಳುವವರು ಬೆಲೆ ಇಳಿಸಿ ಅಥವಾ ಕರಾರಿನಲ್ಲಿ ಬರೆದಂತೆ ಮುಂಗಡದ ದುಪ್ಪಟ್ಟು ಕೊಡಿ ಎಂದು ಕೂತರು. ಎರಡು ಕಡೆಯ ಹಿರಿಯರು ಸೇರಿ ಮಾತಾಡಿ, ಕೊನೆಗೆ ಕಡಿಮೆ ಬೆಲೆಗೆ ನೋಂದಣಿ ಆಯಿತು. ಸಾಲ ತೀರಿಸಿ ಉಳಿದ ಹಣದಲ್ಲಿ ಊರಲ್ಲಿ ಒಂದು ಸಣ್ಣ ಮನೆ ಮಾಡಬಹುದು ಎಂದಿದ್ದರು, ಅದೂ ಆಗಲಿಲ್ಲ. ಈಗ ಅವರು ಅದೇ ಭಾಲ್ಕಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. "ಮೊದಲೇ ಗೊತ್ತಿದ್ದರೆ ಮನೆ ಕೊಡುತ್ತಲೇ ಇರಲಿಲ್ಲ ಉಸ್ತಾದ್, ಬೇರೆ ಏನಾದರೂ ದಾರಿ ನೋಡುತ್ತಿದ್ದೆ" ಎಂದು ಅವರು ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಉಂಟು. ಯಾಕೆಂದರೆ ಸಾಕ್ಷಿ ಸಹಿ ನಮ್ಮದು. ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬ ಆಜ್ಞೆ ಕುರ್‌ಆನಿನ ಅತಿ ಉದ್ದದ ಆಯತ್‌ನಲ್ಲಿದೆ ಎಂದು ಮಕ್ಕಳಿಗೆ ಪಾಠ ಹೇಳುವವರು ನಾವು. ಆದರೆ ಸಾಕ್ಷಿ ಹಾಕುವ ಮೊದಲು "ಅಳತೆ ಮಾಡಿಸಿದ್ದೀರಾ ಕಾಕ?" ಎಂಬ ಒಂದು ಪ್ರಶ್ನೆ ನಮ್ಮ ಬಾಯಿಯಿಂದ ಬರಲಿಲ್ಲ.

ಅದಕ್ಕೇ ಈ ಬರಹ. ನಮ್ಮ ಓದು ದೀನಿ ಶಿಕ್ಷಣ ಮತ್ತು ಪಿಯುಸಿ. ನಾವು ವಕೀಲರೂ ಅಲ್ಲ, ಸರ್ವೇಯರೂ ಅಲ್ಲ. ಆದರೆ ರಾಜ್ಯದ ಈ ತುದಿಯಲ್ಲಿ, ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಓಡಾಡಿ ಕಂಡದ್ದರಿಂದ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಮನೆ ಮಾರಬೇಕೋ ಬೇಡವೋ ಎಂದು ನಿರ್ಧರಿಸುವ ಮೊದಲೇ ಜಾಗದ ಅಳತೆ, ದಾಖಲೆಯ ತಪಾಸಣೆ, ಕಟ್ಟಡದ ತಪಾಸಣೆ ಮೂರೂ ಆಗಬೇಕು. ಗಿರಾಕಿ ಸಿಕ್ಕಿದ ಮೇಲೆ ನೋಡುವಾ ಎಂದರೆ ತಡವಾಯಿತು.

ಸೆಂಟ್ಸ್, ಗುಂಟೆ, ಗಜ

ಮೊದಲು ನಮ್ಮವರು ಎಡವುವ ಜಾಗ ಹೇಳುತ್ತೇವೆ. ಕರಾವಳಿಯಲ್ಲಿ ನಮ್ಮ ಲೆಕ್ಕ ಸೆಂಟ್ಸ್. "ಐದು ಸೆಂಟ್ಸ್ ಜಾಗ, ಅದರಲ್ಲಿ ಮನೆ" ಎಂದರೆ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಸೆಂಟ್ಸ್ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ, ಎಲ್ಲ ಗುಂಟೆ. ಹೈದರಾಬಾದ್ ಕಡೆಯ ದಲ್ಲಾಲಿ ಬಂದರೆ ಗಜದಲ್ಲಿ ಮಾತಾಡುತ್ತಾನೆ. ಒಂದು ಎಕರೆಗೆ 100 ಸೆಂಟ್ಸ್, ಅದೇ ಎಕರೆಗೆ 40 ಗುಂಟೆ. ಹಾಗಾಗಿ ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್, 1,089 ಚದರಡಿ, 121 ಚದರ ಗಜ. ನಮ್ಮ ಐದು ಸೆಂಟ್ಸ್ ಇಲ್ಲಿಯ ಎರಡು ಗುಂಟೆ, 2,178 ಚದರಡಿ. ಇಷ್ಟು ಲೆಕ್ಕ ಬಾಯಿಪಾಠ ಇಲ್ಲದೆ ದರ ಮಾತಾಡಲು ಕೂತವರು ಮೋಸ ಹೋಗುವುದಕ್ಕೆ ಬೇರೆಯವರು ಮೋಸ ಮಾಡಬೇಕಾಗಿಲ್ಲ.

ಎರಡನೆಯದು ಹಳೆ ಕಾಗದ. ನಮ್ಮ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಜೊತೆ ಇತ್ತು, ಆದ್ದರಿಂದ ನಮಗೆ ಅಡಂಗಲ್, ಪರಂಬೋಕು, ಕುಮ್ಕಿ ಎಂಬ ಮಾತುಗಳು ಗೊತ್ತು. ಬೀದರ್ ಅದೇ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಂ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ವರ್ಷ ಫಸಲಿಯಲ್ಲಿ ಬರೆದಿರುತ್ತದೆ. ಫಸಲಿಗೆ 590 ಸೇರಿಸಿದರೆ ಇಸವಿ ಸಿಗುತ್ತದೆ. ಫಸಲಿ 1350 ಎಂದರೆ 1940ರ ಸುಮಾರು. ನಾವು ಕಲಿತದ್ದು ಅರಬಿ-ಮಲಯಾಳಂ ಕಿತಾಬುಗಳಲ್ಲಿ, ಉರ್ದು ಇಲ್ಲಿಗೆ ಬಂದ ಮೇಲೆ ಬಂದದ್ದು. ಆದರೂ "ಮೌಲಾನಾ ಸಾಬ್, ಇದರಾಗ ಏನ್ ಬರ್ದಾರ ನೋಡ್ರಿ" ಎಂದು ಜನ ಕಾಗದ ತರುತ್ತಾರೆ. ಅಜ್ಜ ಬರೆಸಿದ ಕಾಗದವನ್ನು ಮೊಮ್ಮಗ ಓದಲಾರ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ, ಒಳಗೆ ಏನಿದೆ ಎಂದು ಗೊತ್ತಿರುವುದಿಲ್ಲ. ಓದಿಸಿದಾಗಲೇ ತಿಳಿಯುವುದು, ಮನೆಯ ಹಿಂದಿನ ಬಾವಿಯಲ್ಲಿ ಪಕ್ಕದ ಮನೆಯವರಿಗೆ ಪಾಲುಂಟು, ಅಥವಾ ಓಣಿಗೆ ಹೋಗುವ ದಾರಿ ಇಬ್ಬರಿಗೂ ಸೇರಿದ್ದು ಎಂದು.

ಬೀದರ್‌ನಲ್ಲಿ ಟೇಪಿನ ಜೊತೆ ಇತಿಹಾಸವನ್ನೂ ಹಿಡಿಯಬೇಕು

ಬೀದರ್ ನಗರ ಬಹಮನಿ ಸುಲ್ತಾನರ ರಾಜಧಾನಿ. ಕೋಟೆ ಇದೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದ್ರಸ ಇದೆ, ಅಷ್ಟೂರಿನ ಗುಂಬಜ್‌ಗಳಿವೆ. ನೋಡಲು ಬಂದವರಿಗೆ ಅದು ಹೆಮ್ಮೆ. ಹಳೆ ಊರಿನಲ್ಲಿ ಮನೆ ಇರುವವರಿಗೆ ಅದು ಒಂದು ಅಳತೆಯೂ ಹೌದು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಕಾನೂನಿಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ, ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡ ಇಲ್ಲ, ದುರಸ್ತಿಗೂ ಅನುಮತಿ ಬೇಕು. ಎರಡನೆಯದರಲ್ಲಿ ಅನುಮತಿ ಪಡೆದೇ ಕಟ್ಟಬೇಕು.

ಇದರ ಅರ್ಥ ಅಂಥ ಮನೆ ಮಾರಲೇಬಾರದು ಎಂದಲ್ಲ. ಮಾರಬಹುದು. ಆದರೆ "ಕೆಡವಿ ಮೂರು ಮಹಡಿ ಎಬ್ಬಿಸುತ್ತೇನೆ" ಎಂದುಕೊಂಡು ಬಂದ ಗಿರಾಕಿ ಕೊಡುವ ಬೆಲೆಯೇ ಬೇರೆ, ಇದ್ದಂತೆಯೇ ವಾಸಿಸುವವನು ಕೊಡುವ ಬೆಲೆಯೇ ಬೇರೆ. ಮನೆ 100 ಮೀಟರ್ ಒಳಗೆ ಬರುತ್ತದೋ, 300 ಮೀಟರ್ ಒಳಗೆ ಬರುತ್ತದೋ, ಹೊರಗಿದೆಯೋ ಎಂಬುದು ಮಾರುವವನಿಗೆ ಮೊದಲು ಗೊತ್ತಿರಬೇಕು. ನೌಬಾದ್ ಕಡೆ ನೆಲದಡಿಯಲ್ಲಿ ಹಳೆಯ ಕರೇಜ್ ಸುರಂಗದ ನೀರಿನ ವ್ಯವಸ್ಥೆ ಹಾದುಹೋಗಿದೆ. ಅಲ್ಲಿ ನಿವೇಶನ ಇದ್ದವರು ಅಡಿಯಲ್ಲಿ ಏನಿದೆ ಎಂದೂ ವಿಚಾರಿಸಬೇಕು. ವಾಯುನೆಲೆಯ ಸುತ್ತ ಕಟ್ಟಡ ಕಟ್ಟುವುದಕ್ಕೂ ನಿರ್ಬಂಧಗಳಿವೆ.

ಇನ್ನೊಂದು ವಿಷಯ ನಮ್ಮವರಿಗೆ ನೇರವಾಗಿ ತಟ್ಟುವಂಥದ್ದು, ವಕ್ಫ್. ದರ್ಗಾ, ಖಬರ್‌ಸ್ತಾನ್, ಹಳೆ ಮಸೀದಿಗಳು ತುಂಬಿರುವ ಊರಿದು. ಸರ್ವೇ ನಂಬರಿನ ಒಂದು ಭಾಗ ವಕ್ಫ್ ಗೆಜೆಟ್‌ನಲ್ಲಿ ಇದ್ದರೆ, ಅದರಲ್ಲಿ ನಮ್ಮ ಮನೆಯ ಜಾಗ ಬರುತ್ತದೋ ಇಲ್ಲವೋ ಎಂದು ನಕ್ಷೆ ಇಟ್ಟು ನೋಡಬೇಕು. ವಕ್ಫ್ ಆಸ್ತಿಯನ್ನು ಮಾರಿದರೆ ಕಾನೂನಿನಲ್ಲಿ ಆ ಮಾರಾಟಕ್ಕೆ ಬೆಲೆಯೇ ಇಲ್ಲ, ದೀನಿನಲ್ಲಂತೂ ಕೇಳುವುದೇ ಬೇಡ. ನಮ್ಮದಲ್ಲದ್ದನ್ನು ಗೊತ್ತಿಲ್ಲದೆ ಮಾರಿದೆವು ಎಂದರೆ ಕೊಂಡವನ ಹಣ ವಾಪಸ್ ಬರುವುದಿಲ್ಲ. ವಕ್ಫ್‌ನದ್ದಲ್ಲದ ಜಾಗಕ್ಕೆ ತಪ್ಪಾಗಿ ಹೆಸರು ಸೇರಿದ್ದರೆ, ಅದನ್ನು ಸರಿಪಡಿಸಿಕೊಳ್ಳುವುದಕ್ಕೂ ಸಮಯ ಬೇಕು. ಕರಾರಿನ ಮೂರು ತಿಂಗಳು ಸಾಲುವುದಿಲ್ಲ.

ಅಳತೆ ಹೇಗೆ ಮಾಡಿಸುವುದು

ನಮಗೆ ತಿಳಿದ ಮಟ್ಟಿಗೆ ದಾರಿ ಹೀಗೆ. ಮೊದಲು ಮನೆಯಲ್ಲಿರುವ ಕಾಗದಗಳನ್ನೆಲ್ಲ ಒಂದು ಕಡೆ ಹಾಕಿ. ಕ್ರಯಪತ್ರ ಅಥವಾ ಹಿಬಾ ಪತ್ರ, ಖಾತಾ, ತೆರಿಗೆ ರಸೀದಿ, ಬಡಾವಣೆಯ ನಕ್ಷೆ. ಆಮೇಲೆ ಉಪ ನೋಂದಣಿ ಕಚೇರಿಯಿಂದ ಅಥವಾ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ಜನ ಇದನ್ನು ಇ.ಸಿ. ಎನ್ನುತ್ತಾರೆ. ಹಳೆಯ ಸಾಲ ತೀರಿದ್ದರೂ ಅಡಮಾನ ರದ್ದಾಗದೆ ಉಳಿದಿದ್ದರೆ ಇಲ್ಲಿ ಕಾಣುತ್ತದೆ.

ಜಾಗ ಕೃಷಿ ಭೂಮಿಯ ಸರ್ವೇ ನಂಬರಿನಲ್ಲಿದ್ದರೆ ಪಹಣಿ ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಮತ್ತು ವಿಸ್ತೀರ್ಣ, 11ನೇ ಕಾಲಂನಲ್ಲಿ ಸಾಲ, ತಕರಾರು, ಇತರೆ ಹಕ್ಕುಗಳು. ಪಹಣಿಯಲ್ಲಿ ಬರೆದ ವಿಸ್ತೀರ್ಣವೂ ಸರ್ವೇ ಇಲಾಖೆಯ ಆಕಾರಬಂದ್‌ನಲ್ಲಿರುವ ವಿಸ್ತೀರ್ಣವೂ ತಾಳೆಯಾಗದೆ ಇರುವುದು ನಮ್ಮ ರಾಜ್ಯದಲ್ಲಿ ಹೊಸ ಸಂಗತಿಯಲ್ಲ. ಭೂಪರಿವರ್ತನೆ ಆಗಿದೆಯೋ ಇಲ್ಲವೋ ಎಂದೂ ನೋಡಬೇಕು. ಹೊಲದ ಮೇಲೆ ಮನೆ ಕಟ್ಟಿ ಇಪ್ಪತ್ತು ವರ್ಷ ವಾಸ ಮಾಡಿದ ಮಾತ್ರಕ್ಕೆ ಹೊಲ ನಿವೇಶನವಾಗುವುದಿಲ್ಲ.

ಗಡಿ ಗುರುತಿಸಲು ಹದ್ದುಬಸ್ತು ಅರ್ಜಿ ಹಾಕಬೇಕು. ನಾಡಕಚೇರಿಯಲ್ಲಿ ಕೊಡಬಹುದು, ಮೋಜಿಣಿ ವ್ಯವಸ್ಥೆಯಲ್ಲಿ ಅದು ಭೂಮಾಪನ ಇಲಾಖೆಗೆ ಹೋಗುತ್ತದೆ. ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಸರ್ವೇಯರ್ ಬಂದು ಹಳೆಯ ಟಿಪ್ಪಣಿ ಇಟ್ಟು ಅಳೆದು, ನಕ್ಷೆ ಕೊಡುತ್ತಾರೆ. ಸರ್ವೇ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಇಲ್ಲದೆ ನೋಂದಣಿ ಆಗುವುದಿಲ್ಲ. ಇವೆಲ್ಲ ಒಂದು ವಾರದ ಕೆಲಸ ಎಂದು ತಿಳಿಯಬೇಡಿ.

ಊರೊಳಗಿನ ಮನೆಯಾದರೆ ದಾಖಲೆ ಸ್ಥಳೀಯ ಸಂಸ್ಥೆಯದ್ದು. ಬೀದರ್‌ನಲ್ಲಿ ನಗರಾಡಳಿತ, ಭಾಲ್ಕಿಯಲ್ಲಿ ಪುರಸಭೆ, ಔರಾದ್‌ನಲ್ಲಿ ಪಟ್ಟಣ ಪಂಚಾಯಿತಿ. ಈಗ ನೋಂದಣಿಗೆ ಇ-ಖಾತಾ ಬೇಕು. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು, ನಮೂನೆ 9 ಮತ್ತು 11. ಕೈಬರಹದ ಖಾತಾ ಹಿಡಿದುಕೊಂಡು ಕರಾರು ಬರೆದವರು ಇ-ಖಾತಾಕ್ಕೆ ಅಲೆಯುವುದರಲ್ಲೇ ಗಡುವು ಮುಗಿಸಿದ್ದನ್ನು ಕಂಡಿದ್ದೇವೆ. ಹಳ್ಳಿಯ ಊರಠಾಣಾ ಜಾಗಗಳಿಗೆ ಸರ್ವೇ ನಂಬರಿನ ನಕ್ಷೆಯೇ ಇರಲಿಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಅಂಥ ಮನೆಗಳನ್ನು ಅಳೆಯುವ ಕೆಲಸ ನಡೆಯುತ್ತಿದೆ. ನಿಮ್ಮ ಊರಿಗೆ ಆ ಅಳತೆ ಬಂದಾಗ ಮನೆಯಲ್ಲಿ ಒಬ್ಬರಾದರೂ ನಿಂತು ಗಡಿ ತೋರಿಸಿ. ಗಲ್ಫ್‌ನಲ್ಲಿದ್ದೇವೆ, ಊರಲ್ಲಿ ಯಾರೂ ಇಲ್ಲ ಎಂದು ಬಿಡಬೇಡಿ. ಮಂಗಳೂರಿನವರಿಗೆ ಪ್ರಾಪರ್ಟಿ ಕಾರ್ಡಿನ ಓಡಾಟ ನೆನಪಿರಬಹುದು. ಅಳೆಯಲು ಬಂದ ದಿನ ಮನೆಯಲ್ಲಿ ಇದ್ದವರಿಗೆ ಕೆಲಸ ಹಗುರ, ಇಲ್ಲದವರಿಗೆ ಕಚೇರಿಯ ಮೆಟ್ಟಿಲು.

ಗೋಡೆಯೂ ಮಾತಾಡುತ್ತದೆ

ಅಳತೆ ಎಂದರೆ ನೆಲದ್ದು ಮಾತ್ರವಲ್ಲ. ಬೀದರ್ ನಗರ ನಿಂತಿರುವುದು ಕೆಂಪು ಮುರಕಲ್ಲಿನ ಮೇಲೆ. ನಮ್ಮ ಊರಿನದ್ದೇ ಕಲ್ಲು, ನೋಡಿದಾಗ ಊರಿಗೆ ಬಂದ ಹಾಗೆ ಆಗುತ್ತದೆ. ಆದರೆ ಭಾಲ್ಕಿ, ಔರಾದ್ ಕಡೆಗೆ ಇಳಿದರೆ ಕಪ್ಪು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಆಳಕ್ಕೆ ಹೋಗದ ಮನೆಯಾದರೆ ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಸುಣ್ಣ ಬಳಿದರೆ ಒಂದು ವರ್ಷ ಮುಚ್ಚಿರುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಕಾಣುತ್ತದೆ.

ಈ ಭಾಗದ ಹಿರಿಯರು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವವನ್ನು ಮರೆತಿಲ್ಲ. ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಮಲಗಿದ್ದಲ್ಲೇ ಮಡಿದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ, ಅದು ಕುಸಿದದ್ದೇ ಹೆಚ್ಚು ಸಾವಿಗೆ ಕಾರಣ. ಅಂಥದ್ದೇ ಮನೆಗಳು ಇಲ್ಲೂ ಇವೆ. ಅಂಥ ಮನೆ ಮಾರುವವನು ಒಳಗೆ ಇನ್ನೊಂದು ಕುಟುಂಬದ ಮಕ್ಕಳು ಮಲಗಲಿದ್ದಾರೆ ಎಂಬುದನ್ನು ಯೋಚಿಸಬೇಕು.

ಔರಾದ್‌ನಲ್ಲಿ ನಮಗೆ ಪರಿಚಯದ ಒಂದು ಮನೆಯವರು ಬಿರುಕಿಗೆ ಹೆದರಿ, ಸಿಕ್ಕಿದ ಬೆಲೆಗೆ ಕೊಟ್ಟುಬಿಡೋಣ ಎಂದು ಹೊರಟಿದ್ದರು. ಈ ಬಾರಿ ನಾವು ಬಾಯಿ ಬಿಟ್ಟೆವು. ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ ಎಂದೆವು. ಅವರು ಬಂದು ನೋಡಿದರೆ, ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗುತ್ತಿತ್ತು. ನೀರನ್ನು ದೂರ ಸಾಗಿಸಿ, ಬುಡದ ಸುತ್ತ ಕಲ್ಲು ಹಾಸಿಸಿ, ಎರಡು ಕಡೆ ಗೋಡೆ ಬಿಗಿ ಮಾಡಿಸಿದರು. ಒಂದು ಮಳೆಗಾಲ ನೋಡಿದರು. ಬಿರುಕು ಬೆಳೆಯಲಿಲ್ಲ. ಮನೆ ಮಾರಲೂ ಇಲ್ಲ. ಮಾರುವ ಮೊದಲು ತಪಾಸಣೆ ಎಂದರೆ ಹೆಚ್ಚು ಬೆಲೆಗೆ ಮಾರುವ ಉಪಾಯ ಎಂದೇ ಹಲವರು ತಿಳಿದಿದ್ದಾರೆ. ಕೆಲವೊಮ್ಮೆ ಅದರಿಂದ ಮನೆಯೇ ಉಳಿಯುತ್ತದೆ.

ಉಮ್ಮನ ಪಾಲು, ತಂಗಿಯರ ಪಾಲು

ಹೆಚ್ಚಿನ ಮನೆಗಳು ಮಾರಾಟಕ್ಕೆ ಬರುವುದು ಉಪ್ಪ ತೀರಿಕೊಂಡ ಮೇಲೆ. ಅಲ್ಲಿ ಅಳತೆ ಇನ್ನೂ ಮುಖ್ಯ. 1,200 ಚದರಡಿಯ ಅದೇ 30-40ರ ನಿವೇಶನವನ್ನೇ ತೆಗೆದುಕೊಳ್ಳಿ. ಸಾಲ, ವಸಿಯ್ಯತ್ ಏನೂ ಇಲ್ಲ, ಉಪ್ಪನ ತಂದೆತಾಯಿ ಬದುಕಿಲ್ಲ. ಉಮ್ಮ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಉಮ್ಮನಿಗೆ ಎಂಟನೇ ಒಂದು, ಅಂದರೆ 150. ಉಳಿದ 1,050ನ್ನು ಏಳು ಪಾಲು ಮಾಡಿದರೆ ಪ್ರತಿ ಹೆಣ್ಣುಮಗಳಿಗೆ 150, ಪ್ರತಿ ಗಂಡುಮಗನಿಗೆ 300. ಈಗ ಅಳೆದು ನೋಡಿದರೆ ಜಾಗ 1,080 ಮಾತ್ರ. ಆಗ ಉಮ್ಮನಿಗೆ 135, ಹೆಣ್ಣುಮಕ್ಕಳಿಗೆ 135, ಗಂಡುಮಕ್ಕಳಿಗೆ 270. ಎಲ್ಲರಿಗೂ ಕಡಿಮೆಯಾಯಿತು, ಆದರೆ ನ್ಯಾಯವಾಗಿ ಕಡಿಮೆಯಾಯಿತು.

ಅಳೆಯದೆ ಏನಾಗುತ್ತದೆ? ಅಣ್ಣ ಕಾಗದದ ಲೆಕ್ಕದಲ್ಲಿ ತನ್ನ 300 ಹಿಡಿದುಕೊಂಡು ಮಾತು ಮುಗಿಸುತ್ತಾನೆ. ಕಡಿಮೆಯಾದದ್ದು ಕೊನೆಗೆ ಹಂಚುವ ತಂಗಿಯರ ಪಾಲಿನಿಂದ ಹೋಗುತ್ತದೆ. ಎಷ್ಟೋ ಕಡೆ ತಂಗಿಯರನ್ನು ಕೇಳುವುದೇ ಇಲ್ಲ, "ಅವರಿಗೆ ಮದುವೆಗೆ ಕೊಟ್ಟಾಗಿದೆಯಲ್ಲ" ಎನ್ನುತ್ತಾರೆ. ಮದುವೆಗೆ ಕೊಟ್ಟದ್ದು ಬೇರೆ, ಮೀರಾಸ್ ಬೇರೆ. ಇದನ್ನು ಹೇಳುವಾಗ ನಮ್ಮ ಸಭೆಗಳಲ್ಲಿ ಕೆಲವರು ತಲೆ ತಗ್ಗಿಸುತ್ತಾರೆ. ಅಳತೆಯ ನಕ್ಷೆ ಮೇಜಿನ ಮೇಲೆ ಇದ್ದು, ಎಲ್ಲ ವಾರಸುದಾರರು ಸುತ್ತ ಕೂತು ಮಾರಬೇಕೋ ಬೇಡವೋ ಎಂದು ತೀರ್ಮಾನಿಸಲಿ. ತಂಗಿಯೊಬ್ಬಳು "ನನ್ನ ಪಾಲಿನ ಹಣ ಬೇಡ, ಉಮ್ಮ ಇರುವವರೆಗೆ ಮನೆ ಇರಲಿ" ಎನ್ನಬಹುದು. ಆ ಮಾತು ಹೇಳಲು ಅವಳಿಗೆ ಒಂದು ಅವಕಾಶ ಬೇಕಲ್ಲ?

ಇಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ನಮ್ಮ ಬ್ಯಾರಿಗಳದ್ದು ಶಾಫಿಈ ಮದ್‌ಹಬ್. ಮಾರಾಟದಲ್ಲಿ ಮೊದಲ ಹಕ್ಕು, ಅಂದರೆ ಶುಫ್‌ಅ, ನಮ್ಮಲ್ಲಿ ಆಸ್ತಿಯಲ್ಲಿ ಪಾಲು ಇದ್ದವರಿಗೆ. ಇಲ್ಲಿಯ ದಖ್ಖನಿ ಮುಸ್ಲಿಮರು ಹೆಚ್ಚಾಗಿ ಹನಫಿಗಳು, ಅವರಲ್ಲಿ ಪಕ್ಕದ ಮನೆಯವನಿಗೂ ಆ ಹಕ್ಕು ಉಂಟು. ಹೇಳದೆ ಮಾರಿದರೆ "ಮೌಲಾನಾ ಸಾಬ್, ನಮಗೊಂದ್ ಮಾತ್ ಕೇಳ್ಬೇಕಿತ್ರೀ" ಎಂದು ನೊಂದುಕೊಳ್ಳುತ್ತಾರೆ. ಅಳತೆಯ ದಿನ ಪಕ್ಕದವರು ಬಂದೇ ಬರುತ್ತಾರೆ. ಆಗಲೇ ವಿಷಯ ತಿಳಿಸಿದರೆ ಮಾತೂ ಉಳಿಯಿತು, ಒಳ್ಳೆಯ ಗಿರಾಕಿಯೂ ಅಲ್ಲೇ ಸಿಗಬಹುದು.

ಜನ ಹೇಳುವ ಅಡ್ಡ ಮಾತುಗಳು

"ಸುಮ್ಮನಿದ್ದ ಜಗಳವನ್ನು ಯಾಕೆ ಎಬ್ಬಿಸುವುದು? ಅಳೆಸಿದರೆ ಪಕ್ಕದವನ ಜೊತೆ ತಕರಾರು" ಎನ್ನುತ್ತಾರೆ. ಈ ಮಾತಿನಲ್ಲಿ ನಿಜ ಇಲ್ಲ ಎಂದು ನಾವು ಹೇಳುವುದಿಲ್ಲ. ನೋಟಿಸ್ ಹೋದ ದಿನ ಪಕ್ಕದ ಮನೆಯವರ ಮುಖ ಬೇರೆಯಾಗುತ್ತದೆ. ಆದರೆ ಸುಮ್ಮನಿದ್ದರೆ ಕಾಲವೂ ಸುಮ್ಮನಿರುವುದಿಲ್ಲ. ನಮ್ಮ ಜಾಗ ಇನ್ನೊಬ್ಬನ ಸ್ವಾಧೀನದಲ್ಲಿ 12 ವರ್ಷ ಬಹಿರಂಗವಾಗಿ, ನಮಗೆ ವಿರುದ್ಧವಾಗಿ ಇದ್ದರೆ, ಅದನ್ನು ವಾಪಸ್ ಕೇಳುವ ಹಕ್ಕೇ ಹೋಗಬಹುದು ಎಂದು ಕಾನೂನು ಹೇಳುತ್ತದೆ. ನೋಟಿಸ್‌ಗೆ ಮೊದಲು ನಾವೇ ಹೋಗಿ ಸಲಾಂ ಹೇಳಿ, "ಅಳತೆ ಮಾಡಿಸುತ್ತಿದ್ದೇವೆ, ನೀವೂ ಇರಿ" ಎಂದರೆ ಅರ್ಧ ತಕರಾರು ಅಲ್ಲೇ ಇಳಿಯುತ್ತದೆ. ಒಂದು ವೇಳೆ ಅಳತೆಯಲ್ಲಿ ನಮ್ಮ ಗೋಡೆಯೇ ಅವರ ಜಾಗದಲ್ಲಿದೆ ಎಂದು ಬಂದರೆ? ಗೇಣು ಭೂಮಿಯನ್ನು ಅನ್ಯಾಯವಾಗಿ ಇಟ್ಟುಕೊಂಡವನ ಕೊರಳಿಗೆ ಖಿಯಾಮತ್ ದಿನ ಏನು ಬೀಳುತ್ತದೆ ಎಂಬ ಹದೀಸ್ ನಮ್ಮ ಸಣ್ಣ ಮಕ್ಕಳಿಗೂ ಗೊತ್ತು. ಮಾರಿ ಕೈತೊಳೆದುಕೊಂಡರೆ ಆ ಲೆಕ್ಕ ಕೊಂಡವನ ಹೆಸರಿಗೆ ಹೋಗುವುದಿಲ್ಲ.

"ತಪಾಸಣೆ ಮಾಡಿಸಿದರೆ ದೋಷ ಗೊತ್ತಾಗುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ, ಗೊತ್ತಿಲ್ಲದಿದ್ದರೆ ಬಚಾವ್" ಎನ್ನುವ ಬುದ್ಧಿವಂತರೂ ಇದ್ದಾರೆ. ನಬಿಯವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿ ಒದ್ದೆ ಕಂಡು, ವ್ಯಾಪಾರಿಯನ್ನು ಎಚ್ಚರಿಸಿದ ಘಟನೆಯನ್ನು ನಾವು ಎಷ್ಟು ಸಲ ಹೇಳಿದ್ದೇವೆ! ರಾಶಿಯ ಅಡಿಯನ್ನು ಬೇಕೆಂದೇ ನೋಡದೆ ಇರುವುದು ಪ್ರಾಮಾಣಿಕತೆ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಕೂಡ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾರದ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಹೇಳಲೇಬೇಕು ಎನ್ನುತ್ತದೆ. ಅದೂ ಅಲ್ಲದೆ ಈಗ ಹೆಚ್ಚಿನವರು ಬ್ಯಾಂಕ್ ಸಾಲದಲ್ಲಿ ಕೊಳ್ಳುವವರು. ಬ್ಯಾಂಕಿನ ವಕೀಲರು ಕಾಗದ ನೋಡುತ್ತಾರೆ, ಎಂಜಿನಿಯರ್ ಟೇಪು ಹಿಡಿಯುತ್ತಾರೆ. ಹೇಗೂ ಹೊರಬರುವ ಸಂಗತಿ ಅವರ ಬಾಯಿಂದ ಬರುವುದಕ್ಕಿಂತ ನಮ್ಮ ಬಾಯಿಂದ ಬರುವುದು ಮರ್ಯಾದೆ.

"ಅಳೆಸುವುದು ಕೊಳ್ಳುವವನ ಕೆಲಸ, ಖರ್ಚು ನಾವ್ಯಾಕೆ ಮಾಡುವುದು?" ಎಂಬುದು ಮೂರನೆಯದು. ಕೊಳ್ಳುವವನು ತನ್ನ ಹಣಕ್ಕಾಗಿ ಅಳೆಸಲಿ. ನಾವು ಅಳೆಸುವುದು ನಮ್ಮ ನಿರ್ಧಾರಕ್ಕಾಗಿ. ಸ್ಕಾಟ್ಲೆಂಡ್ ಎಂಬ ದೇಶದಲ್ಲಿ 2008ರ ಡಿಸೆಂಬರ್‌ನಿಂದ ಮನೆಯನ್ನು ಮಾರಾಟಕ್ಕೆ ಇಡುವ ಮೊದಲೇ ಮಾರುವವನು ಪರಿಣತರಿಂದ ತಪಾಸಣೆ ಮಾಡಿಸಿ ವರದಿ ಸಿದ್ಧ ಇಡಬೇಕೆಂಬ ನಿಯಮವೇ ಇದೆ. ಪಕ್ಕದ ಇಂಗ್ಲೆಂಡಿನಲ್ಲಿ ಆ ಕೆಲಸ ಸಾಮಾನ್ಯವಾಗಿ ಕೊಳ್ಳುವವನದ್ದು. ನಮ್ಮಲ್ಲಿ ಅಂಥ ನಿಯಮ ಇಲ್ಲ. ನಿಯಮ ಬರುವವರೆಗೆ ಕಾಯಬೇಕು ಎಂದೇನೂ ಇಲ್ಲವಲ್ಲ.

ಖರ್ಚು ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಜಿಯ ಶುಲ್ಕ, ಎಂಜಿನಿಯರ್‌ನ ಫೀಸು, ಕಚೇರಿಗೆ ಹೋಗುವ ದಿನದ ಸಂಬಳ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಕೆಲಸದ ಮೇಲೆ ಕೆಲಸ ಬಿಟ್ಟು ತಾಲೂಕು ಕಚೇರಿಗೆ ಅಲೆಯುವ ಕಷ್ಟ ನಮಗೂ ಗೊತ್ತು. ಆದರೆ ಭಾಲ್ಕಿಯ ಕಾಕ ನಾಲ್ಕು ಅಡಿಗೆ ಕೊಟ್ಟ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಈ ಖರ್ಚು ಏನೂ ಅಲ್ಲ.

ಜಮಾಅತ್‌ಗಳು ಮಾಡಬಹುದಾದ್ದು

ನಮ್ಮ ಜಮಾಅತ್ ಕಮಿಟಿಗಳಲ್ಲಿ ಒಂದು ವಿನಂತಿ. ನಿಕಾಹ್‌ಗೆ, ಆಸ್ಪತ್ರೆಗೆ, ಮಕ್ಕಳ ಫೀಸಿಗೆ ನೀವು ಸಹಾಯ ಮಾಡುತ್ತೀರಿ, ಅಲ್ಲಾಹು ಸ್ವೀಕರಿಸಲಿ. ತಿಂಗಳಿಗೆ ಒಂದು ದಿನ ಮದ್ರಸದ ಕೋಣೆಯಲ್ಲಿ ಆಸ್ತಿ ಕಾಗದ ನೋಡುವ ಕೆಲಸವನ್ನೂ ಇಟ್ಟುಕೊಳ್ಳಿ. ಕಾವೇರಿ, ಮೋಜಿಣಿ, ಇ-ಸ್ವತ್ತು ಗೊತ್ತಿರುವ ಒಬ್ಬ ಹುಡುಗ, ಹಳೆ ಕಾಗದ ಓದಬಲ್ಲ ಒಬ್ಬ ಹಿರಿಯ, ಬಿಡುವಿದ್ದಾಗ ಬರುವ ಒಬ್ಬ ವಕೀಲ ಇದ್ದರೆ ಸಾಕು. ವಿಧವೆಯರು, ಗಲ್ಫ್‌ನಲ್ಲಿ ಗಂಡಸರಿರುವ ಮನೆಯ ಹೆಂಗಸರು, ನಮ್ಮ ಹಾಗೆ ಊರು ಬಿಟ್ಟು ದೂರದಲ್ಲಿ ಅಂಗಡಿ ಇಟ್ಟವರು, ಇವರಿಗೆ ದಲ್ಲಾಲಿಯ ಮಾತು ಬಿಟ್ಟು ಬೇರೆ ಮಾತು ಕೇಳಲು ಒಂದು ಜಾಗ ಸಿಗುತ್ತದೆ.

ನಮ್ಮಂಥ ಉಸ್ತಾದರಿಗೂ ಒಂದು ಮಾತು. ಸಾಕ್ಷಿಗೆ ಕರೆದಾಗ ದುಆ ಮಾಡಿ ಸಹಿ ಹಾಕಿ ಬರುವುದಕ್ಕೆ ಮೊದಲು ಮೂರು ಪ್ರಶ್ನೆ ಕೇಳೋಣ. ಜಾಗ ಅಳೆದಿದ್ದೀರಾ? ಗೋಡೆ, ಮಾಡು ಪರಿಣತರಿಗೆ ತೋರಿಸಿದ್ದೀರಾ? ಉಮ್ಮ, ತಂಗಿಯರು ಒಪ್ಪಿದ್ದಾರಾ? ಇದರಲ್ಲಿ ಒಂದಕ್ಕೆ "ಇಲ್ಲ" ಎಂದು ಬಂದರೂ ಕರಾರು ಒಂದು ತಿಂಗಳು ಮುಂದೆ ಹೋಗಲಿ. ಗಿರಾಕಿ ಬಿಟ್ಟು ಹೋಗುತ್ತಾನೆ ಎಂಬ ಹೆದರಿಕೆ ಇರುತ್ತದೆ. ಬಿಟ್ಟು ಹೋದ ಗಿರಾಕಿಗೆ ಬದಲು ಇನ್ನೊಬ್ಬ ಬರುತ್ತಾನೆ, ಬಿಟ್ಟುಹೋದ ಮನೆ ಬರುವುದಿಲ್ಲ.

ಹೋದ ತಿಂಗಳು ಆ ಕಾಕ ಮತ್ತೆ ಫೋನ್ ಮಾಡಿದ್ದರು. ಬಾಡಿಗೆ ಮನೆಯ ಹತ್ತಿರ ಸಣ್ಣದೊಂದು ನಿವೇಶನ ನೋಡಿದ್ದಾರಂತೆ. "ಮುಂಗಡ ಕೊಟ್ಟಿಲ್ಲ ಉಸ್ತಾದ್. ಸರ್ವೇಯರ್ ಬರುವ ದಿನ ಹೇಳುತ್ತೇನೆ, ನೀವೂ ಬನ್ನಿ" ಎಂದರು. ಇನ್ಶಾ ಅಲ್ಲಾಹ್, ಹೋಗುತ್ತೇವೆ. ಈ ಸಲ ಟೇಪಿನ ಒಂದು ತುದಿ ನಾವೇ ಹಿಡಿಯುತ್ತೇವೆ.